ಆ ಎರಡು ಮೂಗಿನ ಹೆಂಗಸು ನಮ್ಮಾಕೆ

ಸಂಪಾದಕರಿಗೆ ನಮಸ್ಕಾರ.

ಹದಿನೈದು ದಿನದ ಹಿಂದೆ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಒಬ್ಬರು ಬರೆದಿದ್ದರು. ನಮ್ಮೂರಿನ ಕಲಾ ಪ್ರದರ್ಶನಕ್ಕೆ ಹೋಗಿದ್ದರಂತೆ. ಅಲ್ಲಿ ಗೋಡೆಗೆ ತೂಗುಬಿಟ್ಟಿದ್ದ ಒಂದು ಬಟ್ಟೆಯ ಚಿತ್ರದಲ್ಲಿ ಹೆಂಗಸಿಗೆ ಎರಡು ಮೂಗು. ಒಂದಕ್ಕೆ ಮೂಗುಬೊಟ್ಟು ಇದೆ, ಇನ್ನೊಂದಕ್ಕೆ ಇಲ್ಲ. ಒಂದು ಕಣ್ಣು ಕಿವಿಯ ಪಕ್ಕಕ್ಕೆ ಸರಿದಿದೆ. ಎಡಗೈ ಹವಾಯಿ ಚಪ್ಪಲಿಯ ಹಾಗಿದೆ. ಆಕಾರಗಳನ್ನು ಒಡೆದು ಜೋಡಿಸಿ ಬರೆಯುವ ಕ್ಯೂಬಿಸಂ ಎಂಬ ಪಾಶ್ಚಾತ್ಯರ ಹುಚ್ಚನ್ನು ನಮ್ಮ ಕೌದಿಗೆ ಅಂಟಿಸುವ ಅಗತ್ಯ ಏನಿತ್ತು, ಇಂಥದ್ದು ಈಗ ಮೊಬೈಲಿಗೆ ಫೋಟೊ ಹಾಕಿ ಒಂದು ಸಲ ಒತ್ತಿದರೆ ಬರುತ್ತದೆ, ಯಾವ ಹೆಂಗಸಿನ ಮುಖಕ್ಕೂ ಹೀಗೆ ಅವಮಾನ ಮಾಡಬಾರದು ಎಂದು ಮುಗಿಸಿದ್ದರು.

ಆ ಹೆಂಗಸು ನಮ್ಮಾಕೆ. ಆ ಬಟ್ಟೆ ಹೊಲಿದವನು ನಾನು.

ಬೆಟಗೇರಿಯಲ್ಲಿ ನಲವತ್ತು ವರ್ಷ ಟೇಲರ್ ಅಂಗಡಿ ಇಟ್ಟಿದ್ದೆ. ಈಗ ಅರವತ್ತೆಂಟು. ಪತ್ರ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ನಿಜ ಹೇಳಬೇಕೆಂದರೆ ಆ ಪ್ರದರ್ಶನದಲ್ಲಿ ನನ್ನ ಕೆಲಸದ ಮುಂದೆ ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಂತವರು ಅವರೊಬ್ಬರೇ ಇರಬೇಕು. ಮೂಗುಬೊಟ್ಟು ಒಂದಕ್ಕಿದೆ ಒಂದಕ್ಕಿಲ್ಲ ಎಂಬುದನ್ನು ನಮ್ಮ ಮನೆಯವರೇ ಗಮನಿಸಿರಲಿಲ್ಲ. ಆದರೆ ಎರಡು ಮೂಗಿಗೂ ಲೆಕ್ಕ ಇದೆ. ಆ ಲೆಕ್ಕ ಒಪ್ಪಿಸಲು ಈ ಪತ್ರ. ಉದ್ದವಾಯಿತು ಅನ್ನಿಸಿದರೆ ಕತ್ತರಿ ನಿಮ್ಮ ಕೈಯಲ್ಲೇ ಇದೆ.

ಮೊದಲು ಅಂಗಡಿ ಹೇಗಿತ್ತೆಂದು ಹೇಳಬೇಕು, ಇಲ್ಲದಿದ್ದರೆ ಮೂಗು ತಿಳಿಯುವುದಿಲ್ಲ. ಎಂಟು ಅಡಿ ಅಗಲದ ಅಂಗಡಿ. ಬಾಗಿಲಿಗೆ ಹತ್ತಿಕೊಂಡು ನನ್ನ ಮಷೀನು, ನಾನು ರಸ್ತೆ ಕಡೆ ಮುಖ ಮಾಡಿ ಕೂರುತ್ತಿದ್ದೆ. ನನ್ನ ಎಡಕ್ಕೆ ನೆಲದ ಮೇಲೆ ಚಾಪೆ ಹಾಸಿಕೊಂಡು ಆಕೆ, ಆಕೆಯೂ ರಸ್ತೆ ಕಡೆಗೇ. ಇಬ್ಬರ ಬೆನ್ನ ಹಿಂದೆ ಕಟಿಂಗ್ ಟೇಬಲ್ಲು. ಮಧ್ಯಾಹ್ನ ಮನೆಗೆಲಸ ಮುಗಿಸಿ ಬಂದವಳು ಕಾಜಾ, ಗುಂಡಿ, ಹೆಮ್ಮಿಂಗ್ ಮಾಡಿಕೊಡುತ್ತಿದ್ದಳು. ಕೈಗೆ ಕೆಲಸ ಇಲ್ಲದ ದಿನ ಟೇಬಲ್ ಕೆಳಗಿನ ಚೀಲದಿಂದ ಚಿಂದಿ ಆರಿಸಿ ಕೌದಿ ಹೊಲಿಯುತ್ತಿದ್ದಳು. ನಮ್ಮ ಕಡೆ ಕೌದಿ ಗೊತ್ತಿಲ್ಲದವರಿಲ್ಲ: ಒಳಗೆ ಹಳೆಯ ಸೀರೆಗಳ ಪದರು, ಮೇಲೆ ಬಣ್ಣಬಣ್ಣದ ತುಂಡು, ಎಲ್ಲವನ್ನೂ ಹಿಡಿದಿಡಲು ಈ ತುದಿಯಿಂದ ಆ ತುದಿಗೆ ಸಾಲುಹೊಲಿಗೆ. ಆಕೆಯ ತವರು ಮುಂಡಗೋಡ. ಅಲ್ಲಿ ಆಫ್ರಿಕಾ ಮೂಲದ ಸಿದ್ಧಿ ಜನಾಂಗದ ಹೆಂಗಸರು ಹೊಲಿಯುವ ಕೌದಿ ನೋಡಿ ಬೆಳೆದವಳಾದ್ದರಿಂದ ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಒಂದೊಂದು ಹೂವು ಕೂಡಿಸುತ್ತಿದ್ದಳು. ಹೂವಿಲ್ಲದ ಕೌದಿ ಬತ್ತಲೆ ಎಂದು ಅವರು ಅನ್ನುತ್ತಾರಂತೆ. ನಾನು ಅಂಗಿ ಹೊಲಿದು ಬಿಸಾಕಿದ್ದರಲ್ಲಿ ಊರಿನ ಎಷ್ಟೋ ಕೂಸುಗಳು ಬೆಚ್ಚಗೆ ಮಲಗಿದವು. ಆಗ ಅದನ್ನು ನಾನು ಕೆಲಸ ಅಂತಲೇ ಎಣಿಸಿರಲಿಲ್ಲ.

1994ರಲ್ಲಿ ಪಕ್ಕದ ಸ್ಟುಡಿಯೊದ ಹುಡುಗನ ಕ್ಯಾಮೆರಾದಲ್ಲಿ ರೀಲಿನ ಕೊನೆಯ ಎರಡು ಫೋಟೊ ಉಳಿದಿದ್ದವು. ರೀಲು ತೊಳೆಯಲು ಕಳಿಸುವ ಅವಸರಕ್ಕೆ ರಸ್ತೆಯಲ್ಲಿ ನಿಂತು ನಮ್ಮ ಅಂಗಡಿಯತ್ತ ತಿರುಗಿಸಿದ. ನಾನು ಅಂದು ಗಡ್ಡ ಕೆರೆದಿರಲಿಲ್ಲ, ನನ್ನನ್ನು ಬಿಡು ಎಂದೆ. ಅವನು ಕ್ಯಾಮೆರಾ ಅತ್ತ ಸರಿಸಿದ. ಒಂದರಲ್ಲಿ ಆಕೆ ಕಣ್ಣು ಮುಚ್ಚಿದ್ದಾಳೆ. ಇನ್ನೊಂದರಲ್ಲಿ ತೊಡೆಯ ಮೇಲೆ ಕೌದಿ, ತಲೆ ಎತ್ತಿ ನೇರ ನೋಡಿದ್ದಾಳೆ, ಎಡಗೈಯಲ್ಲಿ ಬಟ್ಟೆ ಹಿಡಿದಿದ್ದಾಳೆ. ಬಲಗೈ, ಅಂದರೆ ಸೂಜಿ ಹಿಡಿದ ಕೈ, ನನ್ನ ಕಡೆಗಿತ್ತಲ್ಲ, ಅದೂ ನನ್ನ ಜತೆ ಚೌಕಟ್ಟಿನಿಂದ ಆಚೆ ಹೋಯಿತು. ನನ್ನ ಗಡ್ಡದಿಂದಾಗಿ ಆಕೆಯ ಬಲಗೈ ಯಾವ ಫೋಟೊದಲ್ಲೂ ಇಲ್ಲ.

ನಾಲ್ಕು ವರ್ಷದ ಹಿಂದೆ ಆಕೆ ತೀರಿಕೊಂಡಾಗ ಅದೇ ಫೋಟೊ ದೊಡ್ಡದು ಮಾಡಿಸಲು ಮಗ ಒಯ್ದ. ಸ್ಟುಡಿಯೊದವರು ಈಗಿನ ಪದ್ಧತಿಯಂತೆ ಹಿಂದಿನ ಅಂಗಡಿ ಅಳಿಸಿ, ನೀಲಿ ಆಕಾಶ ಹಾಕಿ, ಕೈಯಲ್ಲಿದ್ದ ಕೌದಿ ತೆಗೆದು, ಮುಖ ಬೆಳ್ಳಗೆ ಮಾಡಿ, ಹೊಳೆಯುವ ಫ್ರೇಮು ಹಾಕಿ ಕೊಟ್ಟರು. ಬಂದವರೆಲ್ಲ ಚಲೋ ಬಂದೈತಿ ಅಂದರು. ನನಗೆ ಯಾರೋ ಪರಊರಿನ ಸಾಹುಕಾರರ ಮನೆಯ ಹೆಂಗಸು ನಮ್ಮ ಪಡಸಾಲೆಯಲ್ಲಿ ಬಂದು ಕೂತ ಹಾಗಾಯಿತು. ಎರಡು ಕಣ್ಣು, ಒಂದು ಮೂಗು, ಎಲ್ಲಾ ಇದ್ದಲ್ಲೇ ಇದ್ದವು. ಅವಮಾನದ ಮಾತು ಬಂದದ್ದಕ್ಕೆ ಇದನ್ನು ಹೇಳಿದೆ.

ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರು ನನ್ನ ಹಳೆಯ ಗಿರಾಕಿ. ಎರಡು ವರ್ಷಕ್ಕೊಮ್ಮೆ ಪ್ಯಾಂಟಿನ ಸೊಂಟ ಅರ್ಧ ಇಂಚು ಬಿಡಿಸಿಕೊಳ್ಳಲು ಬರುವವರು. ಅಂಗಡಿ ಮುಚ್ಚಿದ ಮೇಲೂ ಮನೆಗೇ ಬರುತ್ತಾರೆ, ನಾನೂ ಬಿಚ್ಚಿ ಹೊಲಿದು ಕೊಡುತ್ತೇನೆ. ಅವರ ಮುಂದೆ ಈ ಫೋಟೊದ ಸಂಕಟ ತೋಡಿಕೊಂಡೆ. "ಟೇಲರ್ರ, ಬಟ್ಟಿ ಐತಿ, ಕತ್ರಿ ಐತಿ, ನೀವಽ ಯಾಕ ಮಾಡಬಾರದು?" ಅಂದರು. ಮರುವಾರ ಬಣ್ಣದ ಚಿತ್ರಗಳ ಒಂದು ಹಳೆಯ ಪುಸ್ತಕ ಹಿಡಿದುಕೊಂಡು ಬಂದರು. ಕ್ಯೂಬಿಸಂ ಎಂಬ ಶಬ್ದ ನಾನು ಕೇಳಿದ್ದು ಅಂದೇ.

ಹುರುಪಿನಲ್ಲಿ ಅಂದು ರಾತ್ರಿಯೇ ಶುರು ಮಾಡಿದೆ. ಫೋಟೊದ ಜೆರಾಕ್ಸ್ ಮೇಲೆ ಸ್ಕೇಲ್ ಇಟ್ಟು ಅಡ್ಡಾದಿಡ್ಡಿ ಗೆರೆ ಹೊಡೆದು, ಅರವತ್ತು ತ್ರಿಕೋನ ಮಾಡಿ, ಸ್ವಲ್ಪ ಸ್ವಲ್ಪ ಜರುಗಿಸಿ ಅಂಟಿಸಿದೆ. ಪುಸ್ತಕದಲ್ಲಿದ್ದಂತೆಯೇ ಕಂಡಿತು. ಮಾಸ್ತರರು ಚಹಾ ಕುಡಿಯುತ್ತ ನೋಡಿ, "ಇದು ಒಡದ ಕನ್ನಡಿ ಆತು" ಅಂದರು. "ಕನ್ನಡಿ ನೂರು ಚೂರಾದ್ರೂ ಎಲ್ಲಾ ಚೂರು ನೋಡೂದು ಒಂದಽ ಕಡಿಂದ. ನೀವು ಆಕಿನ್ನ ಜನ್ಮದಾಗ ಒಂದಽ ಕಡಿಂದ ನೋಡೀರೇನು?"

ಉತ್ತರ ಹೇಳಲು ಆಗಲಿಲ್ಲ. ಅಂದು ರಾತ್ರಿ ನಿದ್ದೆಯೂ ಬರಲಿಲ್ಲ.

ನಾನು ಆಕೆಯನ್ನು ಎದುರಿನಿಂದ ನೋಡಿದ್ದು ಊಟದ ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ಮಷೀನಿನ ಸ್ಟೂಲಿನ ಮೇಲಿಂದ, ಪಕ್ಕದಿಂದ. ನನ್ನ ಕಡೆಗಿದ್ದದ್ದು ಆಕೆಯ ಬಲಗೆನ್ನೆ. ಮೂಗುಬೊಟ್ಟು ಇದ್ದದ್ದು ಎಡಕ್ಕೆ. ಸ್ಟೂಲಿನಿಂದ ಮೂಗುಬೊಟ್ಟು ಕಾಣುತ್ತಿರಲಿಲ್ಲ. ಪತ್ರ ಬರೆದವರೇ, ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ. ಮೂಗುಬೊಟ್ಟು ಇರುವ ಮೂಗು ಫೋಟೊದವನು ರಸ್ತೆಯಿಂದ ಕಂಡದ್ದು. ಇಲ್ಲದ ಮೂಗು ನಾನು ಕಂಡದ್ದು. ಕಿವಿಯ ಹತ್ತಿರ ಸರಿದಿರುವ ಕಣ್ಣು ಕೂಡ ನನ್ನ ಸ್ಟೂಲಿನದೇ. ಗಿರಾಕಿ ಉದ್ರಿ ಹೇಳಿದಾಗ ತಲೆ ತಿರುಗಿಸದೆ ಬರೀ ಕಣ್ಣು ಹೊರಳಿಸಿ ನನ್ನನ್ನು ನೋಡುವ ಕಣ್ಣು ಅದು. ಇನ್ನು ಕಟಿಂಗ್ ಟೇಬಲ್ಲಿಗೆ ಎದ್ದು ಹೋದಾಗ ಮೇಲಿನಿಂದ, ಹಿಂದಿನಿಂದ ಕಾಣುತ್ತಿದ್ದದ್ದು ಬೈತಲೆ, ತುರುಬು, ಮತ್ತೆ ಸೂಜಿ ಹಿಡಿದ ಬಲಗೈ. ಚಿತ್ರದ ನಡುವೆ ಹಣೆಯ ಮೇಲೆ ಒಂದು ಕಪ್ಪು ಅರೆವೃತ್ತವೂ ಅದರಲ್ಲೊಂದು ಬಿಳಿ ಗೆರೆಯೂ ಇದೆಯಲ್ಲ, ಅದು ಬೈತಲೆ. ಅದನ್ನು ನೀವು ಬೈಯ್ದಿಲ್ಲ, ಬಹುಶಃ ರುಮಾಲು ಅಂದುಕೊಂಡಿರಿ.

ಹೀಗೆ ಹಲವು ಕಡೆಯಿಂದ ಕಂಡದ್ದನ್ನು ಒಂದೇ ಚಿತ್ರದಲ್ಲಿ ಕೂಡಿಸುವುದೇ ಕ್ಯೂಬಿಸಂ. ಮಾಸ್ತರರ ಪುಸ್ತಕದಲ್ಲಿ ನನಗೆ ಹಿಡಿಸಿದ್ದು ಪಿಕಾಸೊ ಅಲ್ಲ. ಆತನ ಹಾಗೆಯೇ ಸ್ಪೇನಿನಿಂದ ಪ್ಯಾರಿಸ್ಸಿಗೆ ಹೋದ ಹ್ವಾನ್ ಗ್ರಿಸ್ ಎಂಬಾತ. 1916ರಲ್ಲಿ ತನ್ನ ಮನೆಯಾಕೆ ಜೋಸೆಟ್‌ಳ ಚಿತ್ರ ಬರೆದಿದ್ದಾನೆ, ಈಗ ಮ್ಯಾಡ್ರಿಡ್ಡಿನ ರೇನಾ ಸೋಫಿಯಾ ಮ್ಯೂಸಿಯಮ್ಮಿನಲ್ಲಿದೆಯಂತೆ. ಒಂದೊಂದು ಬಣ್ಣವೂ ಕತ್ತರಿಯಲ್ಲಿ ಕತ್ತರಿಸಿ ಇಟ್ಟ ಹಾಗೆ ಅಂಚು ಚೊಕ್ಕ, ಒಂದರ ಕೆಳಗೊಂದು ಹೋಗಿದೆ. ಅದನ್ನು ನೋಡಿದ ಕೂಡಲೇ, ಇದಕ್ಕೆ ಒಳಗೆ ಮಡಚಲು ಬಿಡುವ ಮಾರ್ಜಿನ್ ಕಾಲು ಇಂಚು ಸಾಕು ಎಂದು ನನ್ನ ತಲೆ ಲೆಕ್ಕ ಹಾಕತೊಡಗಿತು. ಜಾರ್ಜ್ ಬ್ರಾಕ್ ಇನ್ನೊಬ್ಬ. ಅವನ ಅಪ್ಪ, ಅಜ್ಜ ಇಬ್ಬರೂ ಮನೆಗಳಿಗೆ ಬಣ್ಣ ಹೊಡೆಯುವವರು, ಅವನೂ ಅದೇ ಕೆಲಸ ಕಲಿತವನು. ಗೋಡೆಯ ಮೇಲೆ ಬಾಚಣಿಗೆ ಎಳೆದು ಕಟ್ಟಿಗೆಯ ಎಳೆ ಬರಿಸುವ ಪೇಂಟರನ ವಿದ್ಯೆಯನ್ನೇ ಚಿತ್ರಕ್ಕೆ ತಂದ. ಇದು ಕೇಳಿ ನನ್ನ ಹೆದರಿಕೆ ಅರ್ಧ ಹೋಯಿತು. ದೊಡ್ಡವರ ಮನೆಯ ವಿದ್ಯೆ ಅಂದುಕೊಂಡಿದ್ದೆ, ನಮ್ಮಂಥ ಕೈಕೆಲಸದವರದೇ ಆಗಿತ್ತು. ಹೆಸರೂ ಅಷ್ಟೆ. 1908ರಲ್ಲಿ ಬ್ರಾಕ್ ಬರೆದ ಮನೆಗಳ ಚಿತ್ರ ನೋಡಿ ಲೂಯಿ ವೋಸೆಲ್ ಎಂಬ ವಿಮರ್ಶಕ, ಎಲ್ಲವನ್ನೂ ಕ್ಯೂಬ್ ಮಾಡಿಟ್ಟಿದ್ದಾನೆ ಎಂದು ಹಂಗಿಸಿ ಬರೆದ. ಆ ಹಂಗಿಸಿದ ಮಾತೇ ಹೆಸರಾಗಿ ನಿಂತಿತು. ಪತ್ರಿಕೆಗೆ ಬರೆದು ಬೈದವರಿಂದಲೇ ಕ್ಯೂಬಿಸಂ ಹುಟ್ಟಿದ್ದು ಎಂದು ಮಾಸ್ತರರು ನಿಮ್ಮ ಓದುಗರ ಪತ್ರ ಓದಿದ ದಿನ ನಕ್ಕರು.

ಇನ್ನೊಂದು ಮಾತು ಕಸುಬಿನವನಾಗಿ ಹೇಳುತ್ತೇನೆ. ಕಟಿಂಗ್ ಟೇಬಲ್ ಮೇಲೆ ಒಂದು ಜಂಪರಿನ ತುಂಡು ಹರವಿದ್ದನ್ನು ನೀವು ನೋಡಿರಬಹುದು. ಮುಂದಿನ ಭಾಗ, ಹಿಂದಿನ ಭಾಗ, ಎರಡು ತೋಳು, ಸೊಂಟದ ಪಟ್ಟಿ, ಕಟೋರಿ ಇದ್ದರೆ ಕಟೋರಿ. ಒಬ್ಬ ಹೆಂಗಸಿನ ಎದೆ, ಬೆನ್ನು, ಬಗಲು ಎಲ್ಲ ಒಂದೇ ಸಲಕ್ಕೆ, ಒಂದೇ ಮಟ್ಟದಲ್ಲಿ, ಚಪ್ಪಟೆಯಾಗಿ ಕಣ್ಣ ಮುಂದೆ. ಬೆನ್ನು ನೋಡಲು ಹಿಂದೆ ಹೋಗಬೇಕಿಲ್ಲ. ನಲವತ್ತು ವರ್ಷದಲ್ಲಿ ಒಬ್ಬ ಗಿರಾಕಿಯೂ "ಇದೇನು ನನ್ನನ್ನು ಒಡೆದು ಹಾಕಿದ್ದೀರಿ" ಅಂದದ್ದಿಲ್ಲ. ಹೊಲಿದ ಮೇಲೆ ಮತ್ತೆ ದುಂಡಗಾಗುತ್ತದೆ ಎಂಬ ನಂಬಿಕೆ ಅವರಿಗೆ. ನಾನು ಈ ಸಲ ಹೊಲಿದು ದುಂಡಗೆ ಮಾಡಲಿಲ್ಲ, ಟೇಬಲ್ ಮೇಲೆ ಹರವಿದ್ದ ಹಾಗೇ ಬಿಟ್ಟೆ.

ಕೆಲಸ ಹೇಗೆ ನಡೆಯಿತು ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ, ಹೊಲಿಗೆ ಗೊತ್ತಿರುವ ಯಾರಾದರೂ ಮನೆಯಲ್ಲಿ ಮಾಡಿ ನೋಡಲಿ. ಫೋಟೊ ನಾಲ್ಕು ಇಂಚು ಅಗಲ, ಆರು ಇಂಚು ಉದ್ದ. ಅದರ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಅರ್ಧ ಇಂಚಿಗೊಂದು ಚೌಕ ಹಾಕಿದೆ: ಅಡ್ಡ 8, ಉದ್ದ 12, ಒಟ್ಟು 96. ಪ್ಯಾಟರ್ನ್ ತೆಗೆಯುವ ಖಾಕಿ ಕಾಗದದ ಮೇಲೆ ಅಷ್ಟೇ ಚೌಕ, ಆದರೆ ನಾಲ್ಕು ಇಂಚಿನವು. ಒಂದೊಂದು ಚೌಕದಲ್ಲಿ ಇದ್ದದ್ದನ್ನು ನೋಡಿ ನೋಡಿ ದೊಡ್ಡದು ಮಾಡಿದರೆ ಎಂಟು ಪಟ್ಟು ಆಗುತ್ತದೆ, 32 ಇಂಚಿಗೆ 48. ಹಿಂದೆ ಸಿನಿಮಾ ಕಟೌಟು ಬರೆಯುವವರು ಮಾಡುತ್ತಿದ್ದದ್ದು ಇದನ್ನೇ. ಫೋಟೊದ ಗೆರೆಗಳನ್ನು ಕೆಂಪು ಪೆನ್ಸಿಲ್ಲಿನಲ್ಲಿ ಎಳೆದೆ. ಅದರ ಮೇಲೆಯೇ ಸ್ಟೂಲಿನಿಂದ ಕಂಡ ಪಕ್ಕದ ಮುಖ ನೀಲಿಯಲ್ಲಿ, ಟೇಬಲ್ಲಿನಿಂದ ಕಂಡದ್ದು ಕಪ್ಪಿನಲ್ಲಿ. ಅವೆರಡಕ್ಕೂ ಫೋಟೊ ಇಲ್ಲ. ಪಕ್ಕದ ಮುಖಕ್ಕೆ ಆಕೆಯ ತಂಗಿಯನ್ನು ದೀಪದ ಮುಂದೆ ಕೂರಿಸಿ ಗೋಡೆಯ ಮೇಲೆ ಬಿದ್ದ ನೆರಳಿನ ಸುತ್ತ ಗೆರೆ ಎಳೆದೆ. ಅಕ್ಕತಂಗಿಯರ ಮೂಗು ಒಂದೇ, ಗದ್ದ ಬೇರೆ, ಗದ್ದ ನಾನು ತಿದ್ದಿದೆ. ಮೂರು ಬಣ್ಣದ ಗೆರೆಗಳು ಒಂದನ್ನೊಂದು ಹಾಯ್ದುಹೋದಲ್ಲಿ ತಾನಾಗಿ ತುಂಡುಗಳು ಹುಟ್ಟಿದವು. ಯಾವ ತುಂಡು ಯಾವ ನೋಟಕ್ಕೆ ಸೇರಬೇಕು ಎನ್ನುವುದೇ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು. ಒಂದೂವರೆ ತಿಂಗಳು ಬರೀ ರಬ್ಬರು ಹಾಕಿ ಉಜ್ಜಿದ್ದು.

ಮಾಸ್ತರರು ಕಲಿಸಿದ ಒಂದು ಯುಕ್ತಿ ಎಂದರೆ ಗೆರೆಯನ್ನು ಮುಖದ ಅಂಚಿಗೆ ನಿಲ್ಲಿಸಬಾರದು. ಹೆಗಲಿನ ಗೆರೆ ಹಾಗೇ ಮುಂದುವರಿದು ಬಾಗಿಲ ಚೌಕಟ್ಟಾಗಬೇಕು, ಸೀರೆಯ ಅಂಚು ಹೋಗಿ ಕಟಿಂಗ್ ಟೇಬಲ್ಲಿನ ಅಂಚಾಗಬೇಕು. ಹಾಗೆ ಮಾಡಿದಾಗ ಆಕೆ ಎಲ್ಲಿ ಮುಗಿದಳು, ಅಂಗಡಿ ಎಲ್ಲಿ ಶುರುವಾಯಿತು ಹೇಳಲು ಬರುವುದಿಲ್ಲ. ಹಾಗಿತ್ತು ಕೂಡ.

ಒಟ್ಟು 143 ತುಂಡು. ಪ್ರತಿಯೊಂದಕ್ಕೂ ನಂಬರು, ಜತೆಗೆ ಹಾಸಿನ ಎಳೆ ಯಾವ ಕಡೆ ಬರಬೇಕೆಂಬ ಬಾಣದ ಗುರುತು. ಬಟ್ಟೆಯನ್ನು ಕ್ರಾಸಿಗೆ ಕತ್ತರಿಸಿದರೆ ಜಗ್ಗುತ್ತದೆ, ಇಷ್ಟೊಂದು ಓರೆ ಅಂಚಿರುವ ಚಿತ್ರ ಜಗ್ಗಿದರೆ ಮುಖ ಜೋತುಬೀಳುತ್ತದೆ. ಅದಕ್ಕೇ ತುಂಡು ಎಷ್ಟೇ ಓರೆಯಿರಲಿ, ಒಳಗಿನ ಎಳೆ ನೆಟ್ಟಗೆ ನಿಲ್ಲುವ ಹಾಗೆ ಇಟ್ಟು ಕತ್ತರಿಸಿದೆ. ಹಿಂದೆ ಕಾಲರಿಗೆ ಹಾಕುವ ಪೇಸ್ಟಿಂಗ್ ಹಚ್ಚಿ ಇಸ್ತ್ರಿ ಒತ್ತಿದೆ.

ಬಣ್ಣದಲ್ಲಿ ಮೊದಲು ಸೋತೆ. ಟೇಲರನಿಗೆ ಮ್ಯಾಚಿಂಗ್ ಗೊತ್ತು, ಬೆಳಕು ಗೊತ್ತಿಲ್ಲ. ಮುಖಕ್ಕೆ ಚರ್ಮದ ಬಣ್ಣದ್ದೇ ಬಟ್ಟೆ ಹುಡುಕುತ್ತ ಕೂತಿದ್ದೆ. ಮಾಸ್ತರರು ಫೋಟೊವನ್ನು ಜೆರಾಕ್ಸ್ ಅಂಗಡಿಗೆ ಒಯ್ದು ಕಪ್ಪು ಜಾಸ್ತಿ ಮಾಡಿ ತೆಗೆಸಿದರು. ನಡುವಿನ ಛಾಯೆಗಳೆಲ್ಲ ಹಾರಿಹೋಗಿ ಬಿಳಿ, ಬೂದಿ, ಕಪ್ಪು ಮೂರೇ ಉಳಿದವು. "ಬೆಳ್ಳಗಿದ್ದಲ್ಲಿ ತಿಳಿ, ಕಪ್ಪಿದ್ದಲ್ಲಿ ಗಾಢ, ಆಮ್ಯಾಲ ಹಸಿರಽ ಹಾಕ್ರಿ, ನೀಲಿನಽ ಹಾಕ್ರಿ, ಮುಖ ಮುಖಾನಽ ಕಾಣತೈತಿ" ಅಂದರು. ನಂಬಿಕೆ ಬರಲಿಲ್ಲ. ಹಾಕಿ ನೋಡಿ, ಕಣ್ಣು ಅರ್ಧ ಮುಚ್ಚಿ, ಹತ್ತು ಹೆಜ್ಜೆ ಹಿಂದೆ ಸರಿದಾಗ ಕಂಡಳು. ಹಾಗಾಗಿ ಆಕೆಯ ಹಣೆ ಬಿಳಿ ಮಲ್ಲು, ಒಂದು ಕೆನ್ನೆ ಶಾಲೆ ಯೂನಿಫಾರ್ಮಿನ ಖಾಕಿ, ಇನ್ನೊಂದು ಕೆನ್ನೆ ಕೋಟಿನ ಒಳಗೆ ಹಾಕುವ ಕಂದು ಲೈನಿಂಗು. ಆ ಲೈನಿಂಗು ಪಾಲಿಸ್ಟರು, ಇಸ್ತ್ರಿ ಸ್ವಲ್ಪ ಬಿಸಿಯಾದದ್ದೇ ಸುರುಟಿಕೊಂಡಿತು, ಎರಡು ಸಲ ಹೊಸದಾಗಿ ಕತ್ತರಿಸಬೇಕಾಯಿತು. ಗೋಡೆಗೆ ಗುಳೇದಗುಡ್ಡದ ಖಣ. ಖಣಕ್ಕೆ ಮೈಯೆಲ್ಲ ಸಣ್ಣ ಬುಟ್ಟಾ ಇರುವುದರಿಂದ ದೂರಕ್ಕೆ ಅದು ಒಂದು ಬಣ್ಣವಾಗಿ ನಿಲ್ಲದೆ ಮಿಣಿಮಿಣಿ ಅನ್ನುತ್ತದೆ, ಗೋಡೆ ಹಿಂದೆ ಸರಿಯದೆ ಮುಂದೆ ಬಂದುಬಿಡುತ್ತದೆ. ತಪ್ಪಾಯಿತೆಂದು ಬಿಚ್ಚಲು ಹೋದೆ. ಹಾಗೇ ಇರಲಿ, ಹಿಂದು ಮುಂದು ಅನ್ನುವುದು ಕಲಸಿಹೋಗುವುದೇ ಬೇಕಾದದ್ದು ಎಂದು ಮಾಸ್ತರರು ತಡೆದರು. ಅವರ ಎಲ್ಲ ಮಾತನ್ನೂ ನಾನು ಒಪ್ಪಿಲ್ಲ, ಇದನ್ನು ಒಪ್ಪಿದೆ.

ಸೀರೆಯ ವಿಷಯ. ಫೋಟೊದಲ್ಲಿ ಆಕೆ ಉಟ್ಟದ್ದು ಹಸಿರು ಇಳಕಲ್ಲು, ಕೆಂಪು ದಡಿ, ಟೋಪು ತೆನಿಯ ಸೆರಗು. ಸೀರೆ ಪೆಟ್ಟಿಗೆಯಲ್ಲೇ ಇತ್ತು, ಮಡಿಕೆ ಮಡಿಕೆಗೆ ಸೀಳಿತ್ತು. ಆಕೆ ಇದ್ದಿದ್ದರೆ ಎಂದೋ ಕೌದಿಯ ಒಳಪದರಕ್ಕೆ ಹೋಗುತ್ತಿತ್ತು. ಸಾವಿರಾರು ಹೆಂಗಸರ ಹೊಸ ಬಟ್ಟೆಗೆ ಕತ್ತರಿ ಹಾಕಿದ ಕೈ ಆ ಹರಕು ಸೀರೆಗೆ ಏಳಲಿಲ್ಲ. ಮೂರು ದಿನ ಟೇಬಲ್ ಮೇಲೆ ಹಾಸಿಟ್ಟು ನೋಡಿದೆ. ನಾಲ್ಕನೇ ದಿನ ಆಕೆಯ ತಂಗಿ ಬಂದು, "ಮಾಮಾ, ಅಕ್ಕ ಇದ್ದಿದ್ರ ಇಷ್ಟೊತ್ತಿಗೆ ಹರದು ನಾಕು ಚೂರು ಮಾಡಿರ್ತಿದ್ಲು, ಸರೀರಿ" ಎಂದು ತಾನೇ ಸೆರಗಿನ ಕಡೆಯಿಂದ ಸರ್ರನೆ ಹರಿದಳು. ಅಂಗೈಯಗಲದ ತುಂಡನ್ನು ಉಪ್ಪುನೀರಿನಲ್ಲಿ ನೆನೆಸಿದೆವು, ಕೆಂಪು ಬಿಡುತ್ತದೆಯೋ ಎಂದು. ಬಿಟ್ಟಿತು. ಮೂವತ್ತು ವರ್ಷ ಒಗೆದ ಸೀರೆ, ಇನ್ನೂ ಬಿಡುತ್ತಿತ್ತು. ನೀರು ತಿಳಿಯಾಗುವವರೆಗೆ ಐದು ಸಲ ಅದ್ದಿ ತೆಗೆದು, ನೆರಳಲ್ಲಿ ಒಣಗಿಸಿ, ಆಮೇಲೆ ಹಚ್ಚಿದ್ದು.

ಈಗ ಮಾನ ಹೋಗುವ ಸಂಗತಿ. ಎರಡೂ ತೋಳು ಎಡಗೈಯದೇ ಕತ್ತರಿಸಿಬಿಡುವುದು ಕಲಿಯಲು ಬಂದ ಹುಡುಗರು ಮಾಡುವ ತಪ್ಪು. ಅದಕ್ಕಾಗಿ ನಾನು ಎಷ್ಟು ಹುಡುಗರಿಗೆ ಬೈದಿದ್ದೇನೋ. ಪೇಸ್ಟಿಂಗ್ ಹಚ್ಚುವುದು ಬಟ್ಟೆಯ ಹಿಂದೆ, ಗೆರೆ ಎಳೆಯುವುದೂ ಹಿಂದೆ. ಹಿಂದೆ ಬಲಕ್ಕೆ ಬರೆದದ್ದು ಮುಂದೆ ಎಡಕ್ಕೆ ಬರುತ್ತದೆ. ಇದು ಗೊತ್ತಿದ್ದೂ ಖಾಕಿ ಕಾಗದವನ್ನು ಸೀದಾ ಇಟ್ಟು 40 ತುಂಡು ಕತ್ತರಿಸಿದೆ. ಜೋಡಿಸಿ ನೋಡಿದರೆ ಆಕೆ ಆಚೆ ತಿರುಗಿದ್ದಾಳೆ, ಮೂಗುಬೊಟ್ಟು ಬಲಕ್ಕೆ. ನನ್ನ ಕಡೆಯಿಂದ ಎದ್ದು ಹೋಗಿ ಅಂಗಡಿಯ ಆ ಗೋಡೆಗೆ ಕೂತ ಹಾಗೆ. ಆ 40 ತುಂಡುಗಳನ್ನು ಎಸೆಯಲಿಲ್ಲ, ಅದೇ ಟೇಬಲ್ ಕೆಳಗಿನ ಚೀಲದಲ್ಲಿವೆ.

ಜೋಡಿಸುವಾಗ ಕಲಿತ ಇನ್ನೊಂದು ಸಂಗತಿ ಇದೆ. ಅಂಗಿಯಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬುದು ನಿಕ್ಕಿ: ಜೇಬು ಮೇಲೆ, ಅಂಗಿ ಕೆಳಗೆ. ಇಲ್ಲಿ ಹಾಗಲ್ಲ. ಒಂದೇ ತುಂಡು ಎಡ ಅಂಚಿನಲ್ಲಿ ಪಕ್ಕದ್ದರ ಮೇಲೆ ಕೂತಿರಬೇಕು, ಬಲ ಅಂಚಿನಲ್ಲಿ ಇನ್ನೊಂದರ ಕೆಳಗೆ ನುಸುಳಿರಬೇಕು. ಹಾಗಿದ್ದರೆ ಕಣ್ಣು ಒಂದು ಕಡೆ ನಿಲ್ಲುವುದಿಲ್ಲ, ಸುತ್ತುತ್ತಲೇ ಇರುತ್ತದೆ. ಅದಕ್ಕೆ ಒಂದು ಅಂಚಿಗೆ ಮಾರ್ಜಿನ್ ಮಡಚಿ ಇಸ್ತ್ರಿ ಮಾಡಿ, ಇನ್ನೊಂದನ್ನು ಹಾಗೇ ಬಿಟ್ಟು ಒಳಗೆ ತೂರಿಸಬೇಕು. 143 ತುಂಡಿಗೂ ಇದನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಕೊನೆಗೆ ಎಲ್ಲೋ ಒಂದು ಹಸಿ ಅಂಚು ಹೊರಗೆ ಉಳಿಯುತ್ತದೆ. ನನ್ನದರಲ್ಲಿ ಎರಡು ಉಳಿದಿವೆ. ಎಲ್ಲಿ ಎಂದು ಹೇಳುವುದಿಲ್ಲ.

ಮಷೀನು ಮುಟ್ಟಲಿಲ್ಲ. ಕೆಳಗೆ ಎರಡು ಹಳೆಯ ಸೀರೆಯ ಪದರು ಹಾಕಿ, ಕಚ್ಚಾ ಹೊಲಿಗೆಯಲ್ಲಿ ಹಿಡಿಸಿ, ಮೇಲೆ ಕೌದಿಯ ಸಾಲುಹೊಲಿಗೆ. ಎದುರಿನ ನೋಟದ ತುಂಡುಗಳಿಗೆ ಹೊಲಿಗೆ ಉದ್ದಕ್ಕೆ, ಪಕ್ಕದ ನೋಟಕ್ಕೆ ಅಡ್ಡಕ್ಕೆ, ಮೇಲಿನಿಂದ ಕಂಡದ್ದಕ್ಕೆ ಓರೆಯಾಗಿ. ಸಂಜೆ ಕಿಟಕಿಯ ಬೆಳಕು ಪಕ್ಕದಿಂದ ಬಿದ್ದಾಗ ಒಂದು ನೋಟ ಮೇಲೆ ಏಳುತ್ತದೆ, ದೀಪ ಹಾಕಿದರೆ ಇನ್ನೊಂದು. ಪ್ರದರ್ಶನದಲ್ಲಿ ನೆತ್ತಿಯ ಮೇಲೆ ಟ್ಯೂಬ್‌ಲೈಟ್ ಇತ್ತು, ಎಲ್ಲಾ ಒಂದೇ ಸಮ ಕಂಡಿತು. ಪತ್ರ ಬರೆದವರಿಗೆ ಗೊಂದಲವಾದದ್ದರಲ್ಲಿ ಅರ್ಧ ಪಾಲು ಆ ಟ್ಯೂಬ್‌ಲೈಟಿನದು. ನಾನು ಚೀಟಿಯಲ್ಲಿ "ನಮ್ಮಾಕೆ" ಎಂದು ಬರೆದು ಕೊಟ್ಟಿದ್ದೆ, ಪ್ರದರ್ಶನದವರು ತಿದ್ದಿ "ಮಹಿಳೆ" ಎಂದು ಹಾಕಿದ್ದರು. ಹೆಸರು ಕೇಳಿದರು, ಕೊಡಲಿಲ್ಲ. ಆಕೆ ಎಂದೂ ನನ್ನ ಹೆಸರು ಹಿಡಿದು ಕರೆಯಲಿಲ್ಲ, ನಾನೂ ಆಕೆಯದನ್ನು ಹಿಡಿದು ಕರೆದವನಲ್ಲ. ಈಗ ಗೋಡೆಗೆ ಬರೆಸುವುದು ಸರಿ ಕಾಣಲಿಲ್ಲ.

ಮೊಬೈಲಿನ ಮಾತಿಗೆ ಬರುತ್ತೇನೆ. ಮಗ ಅದನ್ನೂ ಮಾಡಿ ತೋರಿಸಿದ. ಫೋಟೊ ಹಾಕಿದ, ಒತ್ತಿದ, ನೀವು ಹೇಳಿದಂತೆ ಬಂತು. ಬಣ್ಣ ನನ್ನದಕ್ಕಿಂತ ಚಂದ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಬಲಗೈ ಬರಲಿಲ್ಲ. ಅದಕ್ಕೆ ಕೊಟ್ಟದ್ದು ರಸ್ತೆಯಿಂದ ತೆಗೆದ ಫೋಟೊ, ಸ್ಟೂಲು ಅದಕ್ಕೇನು ಗೊತ್ತು?

ಕ್ಯೂಬಿಸಂ ತಂದು ಕೌದಿಗೆ ಅಂಟಿಸಿದೆ ಅಂದಿದ್ದೀರಿ. ಉಕ್ರೇನಿನಲ್ಲಿ ಹುಟ್ಟಿ ಪ್ಯಾರಿಸ್ಸಿಗೆ ಹೋಗಿ ನೆಲೆಸಿದ ಸೋನಿಯಾ ಡೆಲೊನೆ ಎಂಬ ಚಿತ್ರಕಾರ್ತಿ ಇದ್ದಳು. 1911ರ ಜನವರಿಯಲ್ಲಿ ಗಂಡುಕೂಸು ಹೆತ್ತಳು. ತನ್ನ ದೇಶದ ರೈತರ ಮನೆಗಳಲ್ಲಿ ಕಂಡಿದ್ದ ಹಾಗೆ ಕೂಸಿಗೆ ತುಂಡುಬಟ್ಟೆ ಜೋಡಿಸಿ ಒಂದು ಹೊದಿಕೆ ಹೊಲಿದಳು, ಹೆಚ್ಚುಕಡಿಮೆ ಒಂದು ಮೀಟರ್ ಉದ್ದದ್ದು. ಹೊಲಿದು ಮುಗಿಸಿ ನೋಡಿದರೆ ಅದು ಕ್ಯೂಬಿಸಂ ಚಿತ್ರದ ಹಾಗೆ ಕಂಡಿತಂತೆ. ಆಮೇಲೆ ಆಕೆ ಅದೇ ರೀತಿಯಲ್ಲಿ ಕ್ಯಾನ್ವಾಸಿನ ಮೇಲೂ ಬರೆಯತೊಡಗಿದಳು. ಆ ಹೊದಿಕೆ ಈಗ ಪ್ಯಾರಿಸ್ಸಿನ ಪಾಂಪಿಡು ಕೇಂದ್ರದ ಸಂಗ್ರಹದಲ್ಲಿದೆ. ಆ ಮನೆಯ ಮಟ್ಟಿಗೆ ಕೌದಿ ಮೊದಲು, ಚಿತ್ರ ಆಮೇಲೆ. ಈ ಕಥೆ ಕೇಳಿದ ದಿನ ನಾನು ಟೇಬಲ್ ಕೆಳಗಿನ ಚೀಲದ ಬಾಯಿ ಬಿಚ್ಚಿ ಬಹಳ ಹೊತ್ತು ಕೂತಿದ್ದೆ. ನಮ್ಮಾಕೆ ಎಷ್ಟು ಕೌದಿ ಹೊಲಿದಳು ಎಂದು ಎಣಿಸಲು ನೋಡಿದೆ. ಎಲ್ಲಾ ಯಾರಯಾರ ಮನೆಗೋ ಹೋಗಿವೆ, ನಮ್ಮಲ್ಲಿ ಉಳಿದದ್ದು ಒಂದೇ. ಅದನ್ನು ಮೊಮ್ಮಗ ಬಿಡುವುದಿಲ್ಲ, ಮೂಲೆಯ ಹೂವು ಎರಡು ಕಚ್ಚಿ ಕಿತ್ತಿದ್ದಾನೆ.

ಏಳು ತಿಂಗಳಿಗೆ ಕೆಲಸ ಮುಗಿಯಿತು. ನಾಲ್ಕು ಮೂಲೆಗೂ ತ್ರಿಕೋನ ಮಡಚಿ ಹೂವು ಕೂಡಿಸಿದೆ. ನಾಲ್ಕರಲ್ಲಿ ಮೂರು ಸರಿಯಾಗಿ ಕೂತಿಲ್ಲ. ಆಕೆ ಹೇಗೆ ಮಡಚುತ್ತಿದ್ದಳು ಎಂದು ಪಕ್ಕದಲ್ಲೇ ಕೂತು ಮೂವತ್ತು ವರ್ಷ ನೋಡಿಯೂ ನಾನು ನೋಡಿರಲಿಲ್ಲ.

ಎಡಗೈ ಚಪ್ಪಲಿಯ ಹಾಗಿದೆ ಎಂದದ್ದನ್ನು ಮಾತ್ರ ಒಪ್ಪುತ್ತೇನೆ. ಫೋಟೊದಲ್ಲಿ ಇಲ್ಲದ ಬಲಗೈ ಒಂದೇ ಸಲಕ್ಕೆ ಬಂತು, ನಡುಬೆರಳಿನ ಮೇಲಿನ ಸೂಜಿ ಚುಚ್ಚಿದ ಗಟ್ಟಿ ಚರ್ಮವನ್ನೂ ಒಂದು ಬೂದಿ ಚುಕ್ಕೆಯಲ್ಲಿ ತಂದಿದ್ದೇನೆ. ಫೋಟೊದಲ್ಲಿ ಚೊಕ್ಕಟವಾಗಿರುವ ಎಡಗೈಯೇ ಕೆಟ್ಟಿತು. 71ರಿಂದ 78ನೇ ತುಂಡಿನವರೆಗೆ ಬಿಚ್ಚಬೇಕು. ಪ್ರದರ್ಶನದಿಂದ ವಾಪಸು ಬಂದ ಮೇಲೆ ಬಿಚ್ಚಲು ಕೂತಿದ್ದೆ. ಆಕೆಯ ತಂಗಿ ಕೈ ಹಿಡಿದಳು. "ಬಿಡ್ರಿ ಮಾಮಾ, ಆ ಕೈ ಹಂಗಽ ಇತ್ತು" ಅಂದಳು. ಇತ್ತೋ ಇಲ್ಲವೋ, ಫೋಟೊ ಹಿಡಿದು ನೋಡುತ್ತಿದ್ದೇನೆ.

ಇಂತಿ,
ಒಬ್ಬ ನಿವೃತ್ತ ಟೇಲರ್, ಬೆಟಗೇರಿ